ಬೀಜ ಒಳ್ಳೆಯದೇ, ಗೂಡು ಹೇಗಿದೆ?

ನಮ್ಮ ಕಾಸರಗೋಡಿನ ಪೆರ್ಲದ ಹತ್ತಿರದ ನಿವೃತ್ತ ಮಾಷ್ಟ್ರೊಬ್ಬರು ಬರೆಯುತ್ತಾರೆ: "ಥಲಸ್ಸೇಮಿಯಾ ಇರುವ ನನ್ನ ಮೊಮ್ಮಗನಿಗೆ ಅವನ ಅಕ್ಕನ ಅಸ್ಥಿಮಜ್ಜೆ ಕಸಿ ಮಾಡಿ ಹತ್ತು ದಿನವಾಯಿತು. ಮೂಳೆ ಕೊರೆದು ತುಂಬುತ್ತಾರೆ ಎಂದುಕೊಂಡಿದ್ದೆ. ನೋಡಿದರೆ ರಕ್ತ ಕೊಡುವ ಹಾಗೆ ಒಂದು ಚೀಲ ತೂಗುಹಾಕಿ ಹನಿಸಿದರು, ಅಷ್ಟೇ. ಅವು ಮೂಳೆಗೆ ದಾರಿ ಹೇಗೆ ಹಿಡಿಯುತ್ತವೆ? ಬೀಜದಂತೆ ವೃಕ್ಷ ಎನ್ನುತ್ತಾರೆ. ಅಕ್ಕನ ಬೀಜ ಒಳ್ಳೆಯದಿದೆ. ಇನ್ನು ಚಿಂತೆ ಇಲ್ಲ ಅಲ್ವಾ?"

ಸಂಪಾದಕರ ಉತ್ತರ:

ಮಾಷ್ಟ್ರೇ, ಮೊದಲು ಮೊಮ್ಮಗ ಬೇಗ ಗುಣವಾಗಲಿ. ಕೊಟ್ಟ ಆ ಹುಡುಗಿಗೂ ನನ್ನ ಪ್ರೀತಿ ತಿಳಿಸಿ.

ಬೀಜದ ಮಾತು ಸುಳ್ಳಲ್ಲ. ಥಲಸ್ಸೇಮಿಯಾ ಬೀಜದ್ದೇ ದೋಷ. ಹಿಮೋಗ್ಲೋಬಿನ್ ಮಾಡುವ ವಂಶವಾಹಿಯಲ್ಲೇ ತಪ್ಪಿದ್ದರೆ ಎಂಥ ನೆಲವೂ ಅದನ್ನು ತಿದ್ದುವುದಿಲ್ಲ. ಅದಕ್ಕೇ ಅಕ್ಕನದು ಬೇಕಾಯಿತು. ಒಪ್ಪಿದೆ. ಆದರೆ "ಇನ್ನು ಚಿಂತೆ ಇಲ್ಲ" ಎಂದಿರಲ್ಲ, ಅಲ್ಲಿ ನನ್ನ ತಕರಾರಿದೆ. ನೆಲದ ಪಾಲನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ.

ನನ್ನ ತಂದೆಯವರು ಒಮ್ಮೆ ಒಂದೇ ತಾಯಿಮರದ ಬೀಜದ ಅಡಿಕೆ ತಂದು ಸಸಿ ಮಾಡಿದರು. ಅರ್ಧ ಗುಡ್ಡದ ಬದಿಗೆ ನೆಟ್ಟರು. ಉಳಿದರ್ಧ ಕೆಳಗೆ, ಗದ್ದೆ ಇದ್ದ ಜಾಗದಲ್ಲಿ. ಕೆಳಗೆ ಕಣಿ ತೆಗೆದಿರಲಿಲ್ಲ. ಆಟಿಯ ಮಳೆಗೆ ಬುಡದಲ್ಲಿ ನೀರು ನಿಂತಿತು. ಸೋಗೆ ಹಳದಿಯಾಯಿತು, ಸಸಿ ಒಂದೊಂದಾಗಿ ಸತ್ತವು. ನೆರೆಯವರೆಲ್ಲ "ಬೀಜ ಸರಿಯಿಲ್ಲ" ಎಂದರು. ಅದೇ ತಾಯಿಮರದ ಮಕ್ಕಳು ಮೇಲೆ ಗೊನೆ ಬಿಟ್ಟು ನಿಂತಿದ್ದವು. ಅತ್ತ ಯಾರೂ ಕತ್ತೆತ್ತಿ ನೋಡಲಿಲ್ಲ. ಅವತ್ತಿನಿಂದ ಯಾರಾದರೂ ಬೀಜವನ್ನು ದೂರಿದರೆ ನಾನು ಮೊದಲು ಬುಡ ನೋಡುತ್ತೇನೆ.

ವಿಜ್ಞಾನಿಗಳು ಇದನ್ನೇ ಇಲಿಗಳಲ್ಲಿ ನೋಡಿದರು. ಈ ಕಥೆ ನನಗೆ ತುಂಬ ಇಷ್ಟ, ಸ್ವಲ್ಪ ತಾಳ್ಮೆಯಿಂದ ಓದಿ. ಎರಡು ಜಾತಿಯ ಇಲಿಗಳಿದ್ದವು. ಒಂದರ ಹೆಸರು ಡಬ್ಲ್ಯೂ, ಇನ್ನೊಂದರದ್ದು ಸ್ಟೀಲ್. ಎರಡಕ್ಕೂ ರಕ್ತಹೀನತೆ. ಹೊರಗಿನಿಂದ ನೋಡಿದರೆ ಒಂದೇ ಕಾಯಿಲೆ. ಡಬ್ಲ್ಯೂ ಇಲಿಗೆ ಆರೋಗ್ಯವಂತ ಇಲಿಯ ಮಜ್ಜೆ ಕೊಟ್ಟರೆ ಅದು ಗುಣವಾಯಿತು. ಸ್ಟೀಲ್ ಇಲಿಗೆ ಅದನ್ನೇ ಕೊಟ್ಟರೆ ಏನೂ ಪ್ರಯೋಜನವಾಗಲಿಲ್ಲ. 1960ರ ದಶಕದಲ್ಲಿ ಟೊರಾಂಟೊದ ಟಿಲ್, ಮೆಕಲಕ್ ಮತ್ತು ಅಮೆರಿಕದ ಅವರ ಜೊತೆಗಾರರು ತಿರುಗಿಸಿ ನೋಡಿದರು. ಕಾಯಿಲೆಯ ಸ್ಟೀಲ್ ಇಲಿಯ ಮಜ್ಜೆಯನ್ನೇ ತೆಗೆದು ಡಬ್ಲ್ಯೂ ಇಲಿಗೆ ಕೊಟ್ಟರು. ಡಬ್ಲ್ಯೂ ಗುಣವಾಯಿತು! ಅಂದರೆ ಸ್ಟೀಲ್ ಇಲಿಯ ಬೀಜದಲ್ಲಿ ಏನೂ ದೋಷವಿರಲಿಲ್ಲ. ಅದು ಬಿದ್ದ ನೆಲ ಕೆಟ್ಟಿತ್ತು.

ಕಾರಣ ತಿಳಿದದ್ದು 1990ರ ಹೊತ್ತಿಗೆ. ಮಜ್ಜೆಯ ನೆಲದ ಜೀವಕೋಶಗಳು ಒಂದು ಪ್ರೋಟೀನ್ ಮಾಡುತ್ತವೆ. ಅದು ರಕ್ತದ ಕಾಂಡಕೋಶಕ್ಕೆ, ಅಂದರೆ ಎಲ್ಲ ರಕ್ತಕಣಗಳೂ ಹುಟ್ಟಿಬರುವ ಬೀಜದಂಥ ಕೋಶಕ್ಕೆ, "ಬದುಕಿರು" ಎಂದು ಕೂಗಿದ ಹಾಗೆ. ಆ ಕೂಗನ್ನು ಕೇಳಲು ಕಾಂಡಕೋಶದ ಮೈಮೇಲೆ ಕಿಟ್ ಎಂಬ ಕಿವಿ ಇದೆ. ಡಬ್ಲ್ಯೂ ಇಲಿಯ ಕಾಂಡಕೋಶಕ್ಕೆ ಈ ಕಿವಿ ಕೆಟ್ಟಿತ್ತು. ಸ್ಟೀಲ್ ಇಲಿಯಲ್ಲಿ ಕೂಗುವವರೇ ಸರಿ ಇರಲಿಲ್ಲ.

ಅದಕ್ಕೂ ಮೊದಲೇ, 1978ರಲ್ಲಿ, ಇಂಗ್ಲೆಂಡಿನ ರೇ ಸ್ಕೋಫೀಲ್ಡ್ ಈ ನೆಲಕ್ಕೊಂದು ಹೆಸರು ಕೊಟ್ಟಿದ್ದರು. ಕಾಂಡಕೋಶ ಕಾಂಡಕೋಶವಾಗಿಯೇ ಉಳಿಯುವುದು ಒಂದು ನಿಶ್ ಒಳಗೆ ಕೂತಿದ್ದರೆ ಮಾತ್ರ ಎಂದರು. ಅಲ್ಲಿಂದ ಹೊರಬಿದ್ದರೆ ಅದು ಬೆಳೆದು, ಮಾಮೂಲಿ ರಕ್ತಕಣವಾಗಿ, ಆಯುಷ್ಯ ಮುಗಿಸುತ್ತದೆ. ನಿಶ್ ಅಂದರೆ ಗೋಡೆಯಲ್ಲಿ ದೀಪವಿಡುವ ಗೂಡು. ನಮ್ಮ ಭಾಷೆ ಇಲ್ಲಿ ಇಂಗ್ಲಿಷಿಗಿಂತ ಮುಂದಿದೆ ನೋಡಿ. ದೀಪದ ಗೂಡು, ಹಕ್ಕಿಯ ಗೂಡು ಎರಡಕ್ಕೂ ನಮಗೆ ಒಂದೇ ಮಾತು. ಕಾಂಡಕೋಶಕ್ಕೆ ಎರಡೂ ಅರ್ಥ ಒಪ್ಪುತ್ತದೆ.

ಗೂಡಿನ ಗೋಡೆ ಯಾವುದು ಎಂಬ ಚರ್ಚೆ ಆಮೇಲೆ ಬಹಳ ನಡೆಯಿತು. 2003ರಲ್ಲಿ ಮೂಳೆ ಕಟ್ಟುವ ಜೀವಕೋಶಗಳ ಕಡೆ ಬೆರಳು ತೋರಿಸಿದರು. 2005ರ ನಂತರ ಮಜ್ಜೆಯ ತೆಳು ರಕ್ತನಾಳಗಳ ಸುತ್ತಲಿನ ಜೀವಕೋಶಗಳ ಕಡೆ ಒಲವು ಹೆಚ್ಚಿತು. ಅಲ್ಲಿಗೆ ಬರುವ ನರಗಳಿಗೂ ಇದರಲ್ಲಿ ಪಾಲಿದೆ.

ಈಗ ನಿಮ್ಮ ದಾರಿಯ ಪ್ರಶ್ನೆ. ಮಜ್ಜೆಯ ಜೀವಕೋಶಗಳು ಸಿಎಕ್ಸ್‌ಸಿಎಲ್ 12 ಎಂಬ ಪ್ರೋಟೀನನ್ನು ಬಿಡುತ್ತವೆ. ಹನಿಸಿದ ಕಾಂಡಕೋಶ ರಕ್ತದಲ್ಲಿ ಸುತ್ತುತ್ತಾ ಅದರ ಜಾಡು ಹಿಡಿಯುತ್ತದೆ. ಮಜ್ಜೆಯ ನಾಳದ ಗೋಡೆಗೆ ತಾಗಿ, ಉರುಳಿ, ಅಂಟಿಕೊಂಡು, ಒಳಗೆ ನುಸುಳುತ್ತದೆ. ಕೊರೆಯುವುದೇ ಬೇಡ. ಇದೇ ಹಿಡಿತವನ್ನು ಸಡಿಲಿಸುವ ಮದ್ದೂ ಇದೆ. ಕೆಲವು ದಾನಿಗಳಿಗೆ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಚುಚ್ಚುಮದ್ದು ಕೊಟ್ಟು, ಕಾಂಡಕೋಶಗಳನ್ನು ರಕ್ತಕ್ಕೆ ಇಳಿಸಿ, ತೋಳಿನಿಂದಲೇ ತೆಗೆಯುತ್ತಾರೆ. ಕಸಿಗೆ ಮೊದಲು ಹುಡುಗನಿಗೆ ಕೊಟ್ಟ ಖಾರವಾದ ಮದ್ದು ನೆನಪಿದೆಯಲ್ವಾ? ಅದು ಹಳೆಯ ಕೋಶಗಳನ್ನು ತೆಗೆದು ಗೂಡು ಖಾಲಿ ಮಾಡಲು. ಹೊಸವು ಬೇರೂರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಸೋಂಕಿನ ಭಯ ಜಾಸ್ತಿ. ನೋಡಲು ಬರುವ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿ. ಬೇಸರವಾದರೆ ಆಗಲಿ.

ಕೆಟ್ಟ ನೆಲ ಒಳ್ಳೆಯ ಬೀಜವನ್ನೂ ಕೆಡಿಸಬಲ್ಲದು. 2010ರಲ್ಲಿ ಇಲಿಗಳ ಮೂಳೆ ಕಟ್ಟುವ ಎಳೆಯ ಜೀವಕೋಶಗಳಲ್ಲಿ ಮಾತ್ರ ಒಂದು ವಂಶವಾಹಿಯನ್ನು ತೆಗೆದುಹಾಕಿದರು. ರಕ್ತದ ಕೋಶಗಳನ್ನು ಮುಟ್ಟಲೇ ಇಲ್ಲ. ಆದರೂ ರಕ್ತ ಹದಗೆಟ್ಟಿತು. ಕೆಲವಕ್ಕೆ ರಕ್ತದ ಕ್ಯಾನ್ಸರೂ ಬಂತು.

ಇದನ್ನು ಓದಿದಾಗ ನನಗೆ ನಮ್ಮ ಶಾಲೆಗಳು ನೆನಪಾದವು. ನೀವು ಮೂವತ್ತು ವರ್ಷ ಪಾಠ ಹೇಳಿದವರು, ನಿಮಗಾದರೂ ನೆನಪಾಗಬೇಕಿತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. 1967ರಲ್ಲಿ ಗಡಿ ತಕರಾರು ವಿಚಾರಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು, ಅದು ಕಾಗದದಲ್ಲೇ ಉಳಿಯಿತು. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬರುತ್ತಾರೆ. ಗಣಿತ ಅರ್ಥವಾಗದ ಮಗುವಿಗೆ "ನಿನ್ನ ತಲೆ ದಪ್ಪ" ಎನ್ನುತ್ತಾರೆ. ಮಗುವಿನ ಕಿವಿ ಚೆನ್ನಾಗಿಯೇ ಇದೆ ಮಾಷ್ಟ್ರೇ. ಅದಕ್ಕೆ ತಿಳಿಯುವ ಮಾತಿನಲ್ಲಿ ಕೂಗುವವರಿಲ್ಲ. ಅದೇ ಮಗು ಮನೆಯಲ್ಲಿ ಅಜ್ಜನ ಹತ್ತಿರ ಕೂತು ಅಡಿಕೆಯ ಲೆಕ್ಕ ಬಾಯಲ್ಲೇ ಹೇಳುತ್ತದೆ. ಅದು ಸ್ಟೀಲ್ ಇಲಿಯ ಮಜ್ಜೆಯ ಹಾಗೆ. ಬೇರೆಡೆ ಇಟ್ಟರೆ ಚಿಗುರುತ್ತದೆ.

ಆಸ್ಪತ್ರೆಯ ಮಾತೂ ಇದೇ. ದೊಡ್ಡ ಕಾಯಿಲೆಗೆ ನಾವು ಮಂಗಳೂರಿಗೆ ಓಡುತ್ತೇವೆ. ಕೊರೊನಾ ಬಂದ 2020ರ ಮಾರ್ಚಿನಲ್ಲಿ ಕರ್ನಾಟಕದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆ ದಾರಿಯೂ ಇರಲಿಲ್ಲ. ಆಂಬ್ಯುಲೆನ್ಸುಗಳು ಗಡಿಯ ತಲಪಾಡಿಯಿಂದ ಹಿಂದೆ ಬಂದವು. ಕಸಿಯಾದ ಮಗುವನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ತಪಾಸಣೆಗೆ ಕರೆದೊಯ್ಯಬೇಕು. ಹತ್ತಿರದಲ್ಲೇ ಅದಕ್ಕೊಂದು ಜಾಗ ಬೇಕು ಎಂದು ನಾನು ಈ ಪುಟದಲ್ಲಿ ಎಷ್ಟು ಸಲ ಬರೆದಿಲ್ಲ! ಇನ್ನೂ ಬರೆಯುತ್ತೇನೆ.

ನೀವು ಮಾತ್ರ ಈಗ ಹುಡುಗನನ್ನು ನೋಡಿಕೊಳ್ಳಿ. ನೀರು ಕುದಿಸಿ, ಊಟ ಬಿಸಿಯಾಗಿ, ವೈದ್ಯರು ಹೇಳಿದ ದಿನಕ್ಕೇ ತಪಾಸಣೆ. ಅವನ ಬಿಳಿ ರಕ್ತಕಣದ ಲೆಕ್ಕ ಏರಿದ ದಿನ ನನಗೊಂದು ಕಾರ್ಡು ಹಾಕಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.