ಹೆಂಚು ಇಳಿಸಿದ್ದಕ್ಕೆ ಅಣ್ಣನ ಮೇಲೆ ಸಿಟ್ಟಾ?

ನಮಸ್ಕಾರ ಮೇಡಂ, ಪುಣೆಯಿಂದ ನೀವು ಬರ್ದಿರೋ ಪತ್ರ ಓದ್ದೆ. ಸಾಗರದ ಹತ್ರದ ತವರಿಗೆ ಸುಮಾರು ವರ್ಷದ ಮೇಲೆ ದೊಡ್ಡಬ್ಬಕ್ಕೆ, ಅಂದ್ರೆ ದೀಪಾವಳಿಗೆ ಹೋದ್ರಿ, ಹೋಗಿ ನೋಡಿದ್ರೆ ಹೆಂಚಿನ ಮನೆ ಇಲ್ಲ, ಜಗಲಿ ಇಲ್ಲ, ಆರ್‌ಸಿಸಿ ಮನೆ ನಿಂತಿದೆ, ಅತ್ತಿಗೆ ಗೆಸ್ಟ್ ರೂಮ್ ತೋರ್ಸಿ ಕೈಗೆ ಟವಲ್ ಕೊಟ್ರು. ಹೊರಡೋ ದಿನ ಅಣ್ಣ ಹಕ್ಕು ಬಿಡುಗಡೆ ಪತ್ರಕ್ಕೆ (ಆಸ್ತಿಲಿ ನನ್ನ ಪಾಲು ಬಿಟ್ಟಿದೀನಿ ಅಂತ ಬರ್ಕೊಡೋದು) ಯಾವಾಗ ಸೈನ್ ಮಾಡ್ತೀಯ ಅಂದ. "ನನ್ನ ಮನೇನ ನನ್ನ ಕೇಳ್ದೇ ಕೆಡವಿದ್ರು" ಅಂತ ಎರಡು ಕಡೆ ಬರ್ದಿದೀರ.

ಮನೆ ವಿಷಯದಲ್ಲಿ ನಾನು ನಿಮ್ಮಣ್ಣನ ಕಡೆ, ಬೇಜಾರಾದ್ರೂ ಪರ್ವಾಗಿಲ್ಲ. ಮಳೆ ಹಿಡಿಯೋಕೆ ಮುಂಚೆ ಪ್ರತಿ ವರ್ಷ ಮಾಡು ಹತ್ತಿ ಹೆಂಚು ಕೈಯಾಡಿಸ್ಬೇಕು, ಒಡೆದಿದ್ದು ಬದಲಾಯಿಸ್ಬೇಕು, ಮಾರನೇ ದಿನ ಮಂಗ ಬಂದು ಕುಣಿದು ಹೋದ್ರೆ ಮತ್ತೆ ಮೊದ್ಲಿಂದ, ಹತ್ತೋ ಆಳೇ ಸಿಗಲ್ಲ, ಸಿಕ್ಕಿದ್ರೂ ಅದೇ ಟೈಮಲ್ಲಿ ಅಡಿಕೆ ತೋಟಕ್ಕೆ ಔಷಧಿ ಹೊಡಿಯೋಕೂ ಆಳು ಬೇಕು. ಬೋರ್ಡೋ ದ್ರಾವಣ ನೆನಪಿದ್ಯಲ್ಲ, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು, ಮಳೆಗೆ ಮುಂಚೆ ಒಂದ್ಸಲ, ಆಮೇಲೆ ಮಳೆ ಬಿಡುವು ಕೊಟ್ಟಾಗ ಇನ್ನೊಂದ್ಸಲ, ಆ ಬಿಡುವು ಸಿಗ್ದೇ ಹೋದ್ರೆ ಕೊಳೆ ರೋಗ ಬಂದು ಕಾಯೆಲ್ಲ ಮರದ ಬುಡಕ್ಕೆ. ಈಗ ಅದ್ರ ಜೊತೆ ಎಲೆಚುಕ್ಕಿ ರೋಗ ಬೇರೆ. ನೀವು ನೋಡಿದ್ದು ಆಕಳ ಕೊರಳಿಗೆ ಅಡಿಕೆ ಸರ ಕಟ್ಟೋ ದಿನದ ಊರು, ಅವ್ರು ಆಷಾಢ ಪೂರ್ತಿ ಅಲ್ಲೇ ಕಳೀಬೇಕು. ಅಮ್ಮ "ಬಚ್ಚಲು ಈಗ ಒಳಗೇ ಇದೆ, ರಾತ್ರಿ ಅಂಗಳಕ್ಕೆ ಇಳಿಯೋದು ತಪ್ತು" ಅಂದ್ರಂತೆ, ಇಡೀ ಪತ್ರದಲ್ಲಿ ಅಮ್ಮನ ಬಗ್ಗೆ ಇರೋದು ಅದೊಂದೇ ಸಾಲು, ಅದನ್ನೂ ನೀವು ದೂರಿನ ಥರ ಬರ್ದಿದೀರ.

ಟವಲ್ ವಿಷಯಕ್ಕೆ ನಮ್ಮ ಆಫೀಸಲ್ಲೇ ಇಬ್ರು ಹೆಣ್ಮಕ್ಳು ಜಗಳ ಆಡಿದ್ರು. ನೀವೇ ಹೋಗಿ ಬೀರು ತೆಗೆದಿದ್ರೂ ಅತ್ತಿಗೆಗೆ ಕಷ್ಟ ಆಗ್ತಿತ್ತೇನೋ. ಅವ್ರೂ ಒಂದು ತವರು ಬಿಟ್ಟು ಬಂದೋರೇ, ಇಷ್ಟು ವರ್ಷ ಆದ್ಮೇಲೆ ಬಂದ ನಾದಿನಿ ಹತ್ರ ಹೇಗಿರ್ಬೇಕು ಅಂತ ಅವ್ರಿಗೂ ಗೊತ್ತಾಗಿರಲ್ಲ.

ಸೈನ್ ವಿಷಯ ಬೇರೆ. ಅಲ್ಲಿ ನಾನು ಅಣ್ಣನ ಕಡೆ ಇಲ್ಲ, ಹೊರಡೋ ಗಡಿಬಿಡಿಲಿ ಕೇಳೋ ಮಾತಾ ಅದು! ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತದಲ್ಲಿ ಹೆಣ್ಮಕ್ಳಿಗೆ ಸಮಪಾಲು ಅಂತ ಕಾನೂನು ಬಂತು, ಆದ್ರೆ ಅಷ್ಟರೊಳಗೆ ಮದುವೆ ಆದೋರ್ನ ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿಲಿ ಆ ಷರತ್ತಿಲ್ಲ. ಆ ತಿದ್ದುಪಡಿ ಜಾರಿಗೆ ಬಂದ ದಿನಕ್ಕೆ ಅಪ್ಪ ಬದುಕಿರ್ಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಾಯ್ತು. 2004ರ ಡಿಸೆಂಬರ್ 20ಕ್ಕೆ ಮುಂಚೇನೇ ರಿಜಿಸ್ಟರ್ ಆಗಿ ಪಾಲಾಗಿದ್ರೆ ಕಥೆ ಬೇರೆ. ತೋಟ ಅಜ್ಜನ ಕಾಲದ್ದೋ ಅಪ್ಪ ದುಡಿದು ತಗೊಂಡಿದ್ದೋ, ವಿಲ್ ಇದ್ಯೋ, ಇದೆಲ್ಲ ಗೊತ್ತಾಗ್ದೇ ಏನೂ ಹೇಳೋಕಾಗಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಒಮ್ಮೆ ಬಿಡುಗಡೆ ಪತ್ರ ರಿಜಿಸ್ಟರ್ ಆಯ್ತು ಅಂದ್ರೆ ಆಮೇಲೆ ಮನಸ್ಸು ಬದಲಾದ್ರೆ ಕೋರ್ಟಿಗೇ ಅಲಿಬೇಕು. ಅಲ್ಲೇ ಇದ್ದು ತೋಟ ಮಾಡಿದ್ದು ಅವನು, ಬಿಟ್ಟುಕೊಡ್ತೀನಿ ಅಂತ ನಿಮಗೇ ಅನ್ಸಿದ್ರೆ ಧಾರಾಳವಾಗಿ ಬಿಟ್ಟುಕೊಡಿ, ಆದ್ರೆ ಲೆಕ್ಕ ಗೊತ್ತಿದ್ದು ಬಿಟ್ಟುಕೊಡಿ. ಮನೆ ಕೆಡವಿದ ಸಿಟ್ಟಿಗೆ ಸೈನ್ ಹಾಕಲ್ಲ ಅಂತ ಕೂರೋದೂ ಬೇಡ.

ಮುಂದಿನ ಸಲ ಹಬ್ಬಕ್ಕೆ ಹೋಗೋ ಬದ್ಲು ಅಡಿಕೆ ಕೊನೆಕೊಯ್ಲಿನ ಟೈಮಲ್ಲಿ ಒಂದು ವಾರ ಹೋಗಿ. ಮೆಟ್ಟುಕತ್ತಿ ಹಾಕ್ಕೊಂಡು ಸುಲಿಯೋಕೆ ಕೂತ್ರೆ (ಮಷೀನ್ ತಂದಿಲ್ಲ ಅಂದ್ಕೊಂಡಿದೀನಿ) ಅತ್ತಿಗೆ ತಾನಾಗೇ ಮಾತಾಡ್ತಾರೆ, ಟವಲ್ ಯಾರೂ ಕೊಡಲ್ಲ. ಪಹಣಿ ಮಾತ್ರ ಹೋಗೋಕೆ ಮುಂಚೇನೇ ನೋಡ್ಕೊಳ್ಳಿ, ಸರ್ವೆ ನಂಬರ್ ಇದ್ರೆ ಸರ್ಕಾರದ 'ಭೂಮಿ' ಅನ್ನೋ ವೆಬ್‌ಸೈಟಲ್ಲಿ ಸಿಗುತ್ತೆ.