ಬಿ.ಎಸ್ಸಿ. ಮುಚ್ಚಿಡಬೇಡ ತಂಗಿ

ತಂಗಿ, ನಿನ್ನ ಪತ್ರ ಓದಿದೆ. ಶಿರಸಿಯಲ್ಲಿ ನೀನು ಬಿ.ಎಸ್ಸಿ. ಎರಡು ವರ್ಷ ಓದಿದ್ದೀಯ, ಅಷ್ಟರಲ್ಲಿ ಮದುವೆಯಾಯ್ತು. ಮುಂದಿನ ತಿಂಗಳು ಎಚ್-4 ವೀಸಾದಲ್ಲಿ (ಗಂಡನ ಕೆಲಸದ ವೀಸಾದ ಜೊತೆ ಹೆಂಡತಿಗೆ ಸಿಗುವುದು) ಕ್ಯಾಲಿಫೋರ್ನಿಯಾಕ್ಕೆ ಬರುತ್ತಿದ್ದೀಯ. "ಅಕ್ಕಾ, ಬಿ.ಎಸ್ಸಿ. ಮಾರ್ಕ್ಸು ಅಷ್ಟಕ್ಕಷ್ಟೇ. ಪಿಯುಸಿ ಮಾರ್ಕ್ಸ್ ಕಾರ್ಡ್ ಮಾತ್ರ ತೋರಿಸಿ ಹೊಸಬಳ ಹಾಗೆ ಕಾಲೇಜು ಸೇರಬಹುದಾ?" ಅಂತ ಕೇಳಿದ್ದೀಯ.

ಬೇಡ. ಅರ್ಜಿಯಲ್ಲಿ ಹಿಂದೆ ಓದಿದ ಕಾಲೇಜುಗಳನ್ನೆಲ್ಲ ಬರೆಯಬೇಕು. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಸಿಕ್ಕ ಸೀಟೂ ಹೋಗಬಹುದು. ಅಲ್ಲದೆ ಮುಚ್ಚಿಟ್ಟರೆ ಓದಿದ್ದು ಲೆಕ್ಕಕ್ಕೆ ಬರುವುದಿಲ್ಲ, ನಷ್ಟ ನಿನಗೇ.

ಇಲ್ಲಿ ಲೆಕ್ಕ ಹೀಗಿದೆ. ಹೈಸ್ಕೂಲು ಮುಗಿಸಿದ ಮೇಲೆ ಬೇರೆ ಕಾಲೇಜಿಗೆ ಹೋಗದವರು ಹೊಸಬರು. ಇಲ್ಲಿನ ಮಕ್ಕಳು ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಕೋರ್ಸು ಕೆಲವನ್ನು ಮುಗಿಸಿರುತ್ತಾರೆ, ಆದರೂ ಅವರು ಹೊಸಬರೇ. ನಮ್ಮ ಪಿಯುಸಿ ಇವರಿಗೆ ಹೈಸ್ಕೂಲು. ಅದಾದ ಮೇಲೆ ನೀನು ಕಾಲೇಜಿಗೆ ಹೋಗಿದ್ದೀಯ, ಹಾಗಾಗಿ ನೀನು ಬೇರೆ ಕಾಲೇಜಿನಿಂದ ಓದು ಮುಂದುವರಿಸಲು ಬರುವವಳು, ಅಂದರೆ ಟ್ರಾನ್ಸ್‌ಫರ್.

ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೆ ಮೂರನೇ ವರ್ಷಕ್ಕೆ ಟ್ರಾನ್ಸ್‌ಫರ್ ಆಗಬೇಕಾದರೆ 60 ಸೆಮಿಸ್ಟರ್ ಯೂನಿಟ್ ಬೇಕು (ಯೂನಿಟ್ ಅಂದರೆ ಒಂದೊಂದು ಕೋರ್ಸಿಗೆ ಸಿಗುವ ಕ್ರೆಡಿಟ್). ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಕಡೇಪಕ್ಷ ಇಲ್ಲಿಯ ನಿವಾಸಿಗಳಿಗೆ 2.0, ಹೊರಗಿನವರಿಗೆ 2.4. 2.0 ಅಂದರೆ ಸರಾಸರಿ 'ಸಿ' ಗ್ರೇಡು. ನೀನು ಹೆದರಿದಷ್ಟೇನೂ ಎತ್ತರವಿಲ್ಲ, ಅಲ್ವಾ? ಇಂಗ್ಲಿಷ್ ಬರವಣಿಗೆ, ಮಾತುಗಾರಿಕೆ, ತರ್ಕಬದ್ಧ ಯೋಚನೆ, ಗಣಿತ, ಈ ನಾಲ್ಕೂ ಮುಗಿದಿರಬೇಕು. ಮಾತುಗಾರಿಕೆ ತರಗತಿಯಲ್ಲಿ ನನ್ನ ಕಾಲು ನಡುಗಿತ್ತು ಮಾರಾಯ್ತಿ. ಊರಲ್ಲಿ ಅಷ್ಟು ವರ್ಷ ಓದಿದರೂ ಎದ್ದು ನಿಂತು ಮಾತಾಡು ಅಂತ ಯಾರೂ ಹೇಳಿರಲಿಲ್ಲ.

ನಿನ್ನ ಬಿ.ಎಸ್ಸಿ.ಯಲ್ಲಿ ಎಷ್ಟು ಯೂನಿಟ್ ಒಪ್ಪುತ್ತಾರೆ ಅನ್ನುವುದು ನೀನು ಅರ್ಜಿ ಹಾಕುವ ಯೂನಿವರ್ಸಿಟಿಯ ಕೈಯಲ್ಲಿದೆ. 60 ತುಂಬದಿದ್ದರೆ ಸುಮಾರು ಕಡೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಮೊದಲು ಕಮ್ಯೂನಿಟಿ ಕಾಲೇಜಿಗೆ (ಡಿಗ್ರಿಯ ಮೊದಲೆರಡು ವರ್ಷದ ಕೋರ್ಸು ಕಲಿಸುವ ಸರ್ಕಾರಿ ಕಾಲೇಜು) ಹೋಗಿ ಉಳಿದ ಯೂನಿಟ್ ತುಂಬಿಸಿಕೋ ಅನ್ನುತ್ತೇನೆ. ವಯಸ್ಸು 18 ತುಂಬಿದ್ದರೆ ಸಾಕು, ಅಲ್ಲಿ ಮಾರ್ಕ್ಸ್ ನೋಡಿ ಸೀಟು ಕೊಡುವ ಪದ್ಧತಿಯಿಲ್ಲ. ಎಚ್-4ರಲ್ಲಿ ಓದಲು ಬೇರೆ ವೀಸಾ ಬೇಡ. ನಿವಾಸಿಗಳಿಗೆ ಫೀ ಯೂನಿಟ್‌ಗೆ 46 ಡಾಲರ್. ಹೊರಗಿನವರಿಗೆ ಅದರ ಎಷ್ಟೋ ಪಟ್ಟು. ನಿವಾಸಿ ಅನ್ನಿಸಿಕೊಳ್ಳಲು ವರ್ಷದ ಮೇಲೆ ಒಂದು ದಿನ ಇಲ್ಲಿ ಇದ್ದಿರಬೇಕು, ಎಚ್-4ನವರಿಗೂ ಆ ದಾರಿ ಇದೆ. ಬಂದ ದಿನದಿಂದಲೇ ಬಾಡಿಗೆ ಕರಾರು, ಬ್ಯಾಂಕ್ ಕಾಗದ ಜೋಪಾನ ಮಾಡು. ಕಮ್ಯೂನಿಟಿ ಕಾಲೇಜಿನ ಯಾವ ಕೋರ್ಸು ಇಲ್ಲಿನ ಯಾವ ಸರ್ಕಾರಿ ಯೂನಿವರ್ಸಿಟಿಗೆ ಲೆಕ್ಕಕ್ಕೆ ಬರುತ್ತದೆ ಅಂತ ಅಸಿಸ್ಟ್ ಅನ್ನುವ ಜಾಲತಾಣದಲ್ಲಿ ಸುಮ್ನೆ ನೋಡಬಹುದು, ದುಡ್ಡಿಲ್ಲ.

ಆದರೆ ಇವೆಲ್ಲಕ್ಕಿಂತ ಮೊದಲು ಧಾರವಾಡಕ್ಕೆ ಹೋಗಿ ಬಾ. ಕರ್ನಾಟಕ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ (ಮಾರ್ಕ್ಸಿನ ಅಧಿಕೃತ ಪಟ್ಟಿ) ಸೀಲು ಮಾಡಿದ ಕವರಿನಲ್ಲಿ ಬೇಕು, ಜೊತೆಗೆ ಸಿಲಬಸ್ ಪ್ರತಿ. ಊರಲ್ಲಿದ್ದಾಗ ಎರಡು ದಿನದ ಕೆಲಸ, ಇಲ್ಲಿಂದ ಮಾಡಿಸಿದರೆ ತಿಂಗಳುಗಟ್ಟಲೆ. ನನಗೆ ಅಪ್ಪ ಅಡಿಕೆ ಕೊಯ್ಲಿನ ಮಧ್ಯೆ ಯಲ್ಲಾಪುರದ ಮೇಲಿಂದ ಬಸ್ಸು ಹಿಡಿದು ಹೋಗಿ ತಂದು ಕಳಿಸಿದ್ದರು. ಹೆಸರು ಸರಿಯಿದೆಯಾ ನೋಡೋಣ ಅಂತ ನಾನು ಕವರು ಒಡೆದೆ. ಒಡೆದ ಕವರು ನಡೆಯುವುದಿಲ್ಲ ಅಂದರು. ಅಪ್ಪ ಮತ್ತೆ ಬಸ್ಸು ಹತ್ತಿದರು, ನನಗೆ ಒಂದು ಸೆಮಿಸ್ಟರ್ ಹೋಯ್ತು.

ನೀನು ಎರಡು ಕವರು ಮಾಡಿಸು. ಒಂದನ್ನು ಒಡೆದು ನೋಡುವ ಆಸೆ ತಡೆಯದಿದ್ದರೂ ಇನ್ನೊಂದು ಇರುತ್ತದೆ.