ಏಳನೇ ಕ್ಲಾಸಿಗೆ ಖಾಲಿ ಪ್ಯಾಕೆಟ್ ಪ್ರಾಜೆಕ್ಟ್

ಮೇಡಂ, ಗದಗ ಹತ್ತಿರದ ನಿಮ್ಮ ಶಾಲೆಯ ಏಳನೇ ಕ್ಲಾಸಿನ ಮಕ್ಕಳು ಬೈದರೂ ಚಿಪ್ಸ್, ಕೂಲ್‌ಡ್ರಿಂಕ್ಸ್ ಬಿಡಲ್ಲ, ಖರ್ಚಿಲ್ಲದ ಪ್ರಾಜೆಕ್ಟ್ ಹೇಳಿ ಅಂತ ಕೇಳಿದ್ದೀರಿ.

ಚಾರ್ಟ್ ಮಾತ್ರ ಬೇಡ. ಅದನ್ನು ಮನೆಯಲ್ಲಿ ಅಮ್ಮನೋ ಅಕ್ಕನೋ ಬರೆದುಕೊಡುತ್ತಾರೆ, ಅಲ್ವಾ? ಖಾಲಿ ಪ್ಯಾಕೆಟ್, ಬಾಟಲಿ ತರಿಸಿ. ಅದರ ಹಿಂಬದಿಯ ಪಟ್ಟಿಯಲ್ಲಿ ಸಕ್ಕರೆ, ಸೋಡಿಯಂ ಎಷ್ಟಿದೆ ಅಂತ ಮಕ್ಕಳೇ ಹುಡುಕಲಿ. ಅಂಕಿ ಸಾಮಾನ್ಯವಾಗಿ 100 ಗ್ರಾಂ ಅಥವಾ 100 ಮಿಲಿಗೆ ಇರುತ್ತದೆ. ಇಡೀ ಪ್ಯಾಕೆಟ್ಟಿಗೆ ಲೆಕ್ಕ ಹಾಕಿಸಿ, ಗಣಿತದ ಪಾಠವೂ ಆಯಿತು. ಸೋಡಿಯಂ ಅನ್ನು 2.5ರಿಂದ ಗುಣಿಸಿದರೆ ಉಪ್ಪು ಎಷ್ಟು ಅಂತ ಗೊತ್ತಾಗುತ್ತದೆ. ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸಕ್ಕರೆ ಒಂದು ಟೀ ಚಮಚಕ್ಕೆ ಸುಮಾರು 4 ಗ್ರಾಂ. 100 ಮಿಲಿಗೆ 10 ಗ್ರಾಂ ಇದ್ದರೆ 250 ಮಿಲಿ ಬಾಟಲಿಯಲ್ಲಿ ಆರು ಚಮಚಕ್ಕೂ ಜಾಸ್ತಿ! ಅಷ್ಟನ್ನೂ ಗಾಜಿನ ಲೋಟಕ್ಕೆ ಮಕ್ಕಳ ಕೈಯಲ್ಲೇ ಹಾಕಿಸಿ, ಬಾಟಲಿ ಪಕ್ಕ ಇಡಿಸಿ. ನೀವು ಸುಮ್ನೆ ನಿಂತಿರಿ, ಭಾಷಣ ಬೇಡ.

ಬದಲಿಗೆ ಹುರಿದ ಶೇಂಗಾ-ಬೆಲ್ಲ, ನೆನೆಸಿದ ಕಡಲೆ, ಉಳ್ಳಾಗಡ್ಡಿ ಹಾಕಿದ ಚುರಮರಿ ತರಲು ಹೇಳಿ. ಮಿರ್ಚಿ ಭಜಿ ತಂಟೆಗೆ ಮಾತ್ರ ಹೋಗಬೇಡಿ, ನಮ್ಮ ಕಡೆ ಆ ಜಗಳ ಗೆಲ್ಲೋಕಾಗಲ್ಲ.

ಇನ್ನೊಂದು, ಯಾರು ಎಷ್ಟು ತಿನ್ನುತ್ತಾರೆ ಅಂತ ಹೆಸರು ಹಿಡಿದು ಬರೆಸಬೇಡಿ. ಮಕ್ಕಳ ತೂಕದ ಮಾತಂತೂ ಬೇಡವೇ ಬೇಡ.